ಕೀಮೋ ಚಿಕಿತ್ಸೆಯಲ್ಲಿ ತಲೆಗೂದಲಿನ ರಕ್ಷಣೆ: ತಂಪು ಟೋಪಿಯ ವಿಚಾರ

ಕ್ಯಾನ್ಸರ್ ಚಿಕಿತ್ಸೆಗೆ ಸಿದ್ಧರಾಗುವ ತಾಯಂದಿರು ವೈದ್ಯರ ಮುಂದೆ ಕೇಳಲು ಸಂಕೋಚಪಡುವ ಪ್ರಶ್ನೆಯೊಂದಿದೆ: ‘ತಲೆಗೂದಲು ಪೂರ್ತಿ ಹೋಗಿಬಿಡುವುದೇ?’ ಜೊತೆಯಲ್ಲಿ ಬಂದ ಮನೆಯವರು ‘ಜೀವ ಉಳಿದರೆ ಸಾಕು, ಕೂದಲು ನಾಳೆ ಬರುತ್ತದೆ’ ಎಂದು ಆ ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡುವುದುಂಟು. ಆ ಸಮಾಧಾನದಲ್ಲಿ ಸುಳ್ಳೇನೂ ಇಲ್ಲ. ಆದರೆ ಕೂದಲು ಉದುರಿದೊಡನೆ, ಅಲ್ಲಿಯವರೆಗೆ ಮನೆಯೊಳಗಿದ್ದ ಕಾಯಿಲೆಯು ಊರಿಗೆಲ್ಲ ತಿಳಿಯುತ್ತದೆ. ಉತ್ತರ ಕರ್ನಾಟಕದ ಕಡೆ ತಲೆಯ ಮೇಲೆ ಸೆರಗು ಹೊದೆಯುವ ರೂಢಿ ಇರುವುದರಿಂದ ಸ್ವಲ್ಪಮಟ್ಟಿಗೆ ಮರೆಯಾದೀತು. ಆದರೂ ಮದುವೆಗೆ, ಜಾತ್ರೆಗೆ, ಪ್ರವಚನಕ್ಕೆ ಬರುವುದನ್ನೇ ಬಿಟ್ಟು ಮನೆಯಲ್ಲಿ ಕುಳಿತುಬಿಡುವವರು ಇದ್ದಾರೆ. ಮಗಳಿಗೆ ಸಂಬಂಧ ನೋಡುತ್ತಿರುವ ತಾಯಿಗಂತೂ ಈ ಭಯ ಇನ್ನೂ ಹೆಚ್ಚು. ಕೂದಲು ಹೋಗುವುದೆಂಬ ಒಂದೇ ಕಾರಣಕ್ಕೆ ಕೀಮೋವನ್ನು ನಿರಾಕರಿಸುವವರೂ ಇರುವುದನ್ನು ವೈದ್ಯಕೀಯ ಅಧ್ಯಯನಗಳು ದಾಖಲಿಸಿವೆ. ಆದುದರಿಂದ ಇದನ್ನು ಕೇವಲ ಅಲಂಕಾರದ ಚಿಂತೆಯೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಈ ಕೂದಲು ಉದುರುವಿಕೆಯನ್ನು ಕಡಿಮೆ ಮಾಡುವ ಒಂದು ಉಪಾಯವಿದೆ. ಔಷಧ ಹರಿಯುತ್ತಿರುವಷ್ಟು ಹೊತ್ತು ನೆತ್ತಿಯ ಚರ್ಮವನ್ನು ತಣ್ಣಗಿಡುವುದೇ ಆ ಉಪಾಯ. ಇದರ ವಿಷಯವನ್ನು ಸದ್ಭಕ್ತರ ಗಮನಕ್ಕೆ ತರಲು ಮುಖ್ಯ ಕಾರಣವೊಂದಿದೆ. ಇದನ್ನು ಮೊದಲನೆಯ ಕೀಮೋದ ದಿನವೇ ಆರಂಭಿಸಬೇಕು. ಉದುರಲು ತೊಡಗಿದ ಮೇಲೆ ವಿಚಾರಿಸಿದರೆ ಕಾಲ ಮೀರಿರುತ್ತದೆ.

ಕೀಮೋ ಔಷಧಗಳು ಬೇಗಬೇಗನೆ ವಿಭಜನೆಗೊಳ್ಳುವ ಜೀವಕೋಶಗಳ ಮೇಲೆ ಎರಗುತ್ತವೆ. ಕ್ಯಾನ್ಸರ್ ಕೋಶಗಳು ಅಂಥವು. ದುರದೃಷ್ಟವಶಾತ್ ಕೂದಲಿನ ಬುಡದಲ್ಲಿರುವ ಕೋಶಗಳೂ ಅಂಥವೇ. ನಮ್ಮ ತಲೆಯ ಕೂದಲಲ್ಲಿ ಸುಮಾರು ನೂರಕ್ಕೆ 90ರಷ್ಟು ಯಾವಾಗಲೂ ಬೆಳವಣಿಗೆಯ ಹಂತದಲ್ಲಿಯೇ ಇರುತ್ತವೆ. ಔಷಧಕ್ಕೆ ಮಿತ್ರರಾರು, ಶತ್ರುಗಳಾರು ಎಂಬ ವಿವೇಚನೆ ಇಲ್ಲದ ಕಾರಣ, ಮೊದಲ ಕೀಮೋ ಆದ ಎರಡು ಮೂರು ವಾರಗಳಲ್ಲಿ ಕೂದಲು ಹಿಡಿಹಿಡಿಯಾಗಿ ಕೈಗೆ ಬರುತ್ತದೆ. ಚರ್ಮವನ್ನು ತಂಪುಗೊಳಿಸಿದರೆ ಅಲ್ಲಿಯ ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ರಕ್ತ ಕಡಿಮೆ ಹರಿಯುವುದರಿಂದ ಕೂದಲಿನ ಬುಡಕ್ಕೆ ತಲುಪುವ ಔಷಧವೂ ಕಡಿಮೆಯಾಗುತ್ತದೆ. ತಂಪಿನಲ್ಲಿ ಕೋಶಗಳ ಚಟುವಟಿಕೆಯೂ ಮಂದವಾಗುವುದರಿಂದ, ತಲುಪಿದಷ್ಟು ಔಷಧದ ಹಾನಿಯೂ ತಗ್ಗುತ್ತದೆ. ಇದಕ್ಕಾಗಿ ನೆತ್ತಿಯ ಚರ್ಮದ ಉಷ್ಣತೆಯು 22 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬೇಕೆಂಬುದು ವೈದ್ಯರ ಲೆಕ್ಕ.

ವಿಚಾರವೇನೂ ಹೊಸದಲ್ಲ. 1970ರ ದಶಕದಲ್ಲಿಯೇ ಪಾಶ್ಚಾತ್ಯ ದೇಶಗಳ ವೈದ್ಯರು ಮಂಜುಗಡ್ಡೆಯ ಚೀಲಗಳನ್ನು ತಲೆಗೆ ಕಟ್ಟಿ ಪ್ರಯೋಗಿಸಿದ್ದರು. ಅನಂತರ ಶೀತಲಪೆಟ್ಟಿಗೆಯಲ್ಲಿಟ್ಟು ತೆಗೆಯುವ ಜೆಲ್ ತುಂಬಿದ ಟೋಪಿಗಳು ಬಂದವು. ಅವು ಬೇಗ ಬೆಚ್ಚಗಾಗುವುದರಿಂದ ಸುಮಾರು ಅರ್ಧ ಗಂಟೆಗೊಮ್ಮೆ ಬದಲಿಸುತ್ತಿರಬೇಕು. ಈಗ ಹೆಚ್ಚು ಬಳಕೆಯಲ್ಲಿರುವುದು ಯಂತ್ರಕ್ಕೆ ಜೋಡಿಸಿದ ಸಿಲಿಕೋನ್ ಟೋಪಿ. ಅದರೊಳಗಿನ ಕಿರುನಾಳಗಳಲ್ಲಿ ತಂಪು ದ್ರವವು ಸುತ್ತುತ್ತಲೇ ಇರುತ್ತದೆ. ಸ್ವೀಡನ್ನಿನ ಡಿಗ್ನಿಕ್ಯಾಪ್, ಇಂಗ್ಲೆಂಡಿನ ಪ್ಯಾಕ್ಸ್‌ಮನ್ ಎಂಬವು ಇಂತಹ ಎರಡು ಯಂತ್ರಗಳು. ಪ್ಯಾಕ್ಸ್‌ಮನ್ ಕುಟುಂಬದವರು ಮೂಲತಃ ಬಿಯರ್ ತಂಪುಗೊಳಿಸುವ ಉಪಕರಣಗಳನ್ನು ತಯಾರಿಸುತ್ತಿದ್ದವರು. ಮನೆಯೊಡತಿಗೆ ಸ್ತನ ಕ್ಯಾನ್ಸರ್ ಬಂದು, ಕೀಮೋದಲ್ಲಿ ಕೂದಲೆಲ್ಲ ಹೋದಾಗ, ಪತಿಯು ತನಗೆ ಗೊತ್ತಿದ್ದ ತಂಪಿನ ವಿದ್ಯೆಯನ್ನೇ ಈ ಕಡೆಗೆ ತಿರುಗಿಸಿದರು. ಪಾನಗೃಹದ ಉಪಕರಣದಿಂದ ರೋಗಿಗಳಿಗೆ ಉಪಕಾರವಾದದ್ದು ಒಂದು ವಿಚಿತ್ರವೇ ಸರಿ!

ಇದರಿಂದ ನಿಜವಾಗಿಯೂ ಪ್ರಯೋಜನವಾಗುವುದೇ? 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸ್ತನ ಕ್ಯಾನ್ಸರಿನ ಆರಂಭದ ಹಂತದಲ್ಲಿದ್ದ ಸ್ತ್ರೀಯರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಟೋಪಿ ಧರಿಸಿದ 95 ಮಂದಿಯಲ್ಲಿ 48 ಮಂದಿಗೆ ಕೂದಲು ಉಳಿಯಿತು. ಟೋಪಿ ಇಲ್ಲದ 47 ಮಂದಿಯಲ್ಲಿ ಒಬ್ಬರಿಗೂ ಉಳಿಯಲಿಲ್ಲ. ನಮ್ಮ ದೇಶದಲ್ಲಿಯೂ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 51 ಮಂದಿ ಸ್ತ್ರೀಯರಲ್ಲಿ ಇದೇ ಬಗೆಯ ಪರೀಕ್ಷೆ ನಡೆಸಿ 2020ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಟೋಪಿ ಧರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೂದಲು ಉಳಿಯಿತು. ಧರಿಸದವರಲ್ಲಿ ಯಾರಿಗೂ ಉಳಿಯಲಿಲ್ಲ. ನಮ್ಮ ಹೆಣ್ಣುಮಕ್ಕಳ ದಟ್ಟ ಕೂದಲಿಗೆ ಇದು ಒಗ್ಗುವುದೇ ಎಂಬ ಸಂದೇಹವಿದ್ದವರಿಗೆ ಈ ಎರಡನೆಯ ಪರೀಕ್ಷೆಯೇ ಉತ್ತರ.

ಆದರೆ ‘ಕೂದಲು ಉಳಿಯಿತು’ ಎಂಬ ಮಾತಿನ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಉದುರಿದ್ದು ಅರ್ಧಕ್ಕಿಂತ ಕಡಿಮೆ, ಕೃತಕ ಕೂದಲಿನ ಅವಶ್ಯಕತೆ ಬೀಳಲಿಲ್ಲ ಎಂಬಷ್ಟೇ ಅದರ ಅರ್ಥ. ಜಡೆಯು ತೆಳ್ಳಗಾಗುವುದು ಬಹುತೇಕ ನಿಶ್ಚಿತ. ಒಂದು ಕೂದಲೂ ಹೋಗದೆಂದು ಯಾರಾದರೂ ಭರವಸೆಯಿತ್ತರೆ ಅದನ್ನು ನಂಬಬಾರದು. ಇನ್ನು ಫಲವು ಔಷಧವನ್ನೂ ಅವಲಂಬಿಸಿದೆ. ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ವರ್ಗದ ಔಷಧಗಳಲ್ಲಿ ಫಲ ಉತ್ತಮ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಮತ್ತು ಅದರ ವರ್ಗದವುಗಳಲ್ಲಿ ಫಲ ಕಡಿಮೆ. ತಮಗೆ ಕೊಡುವ ಔಷಧ ಯಾವುದು, ಯಾವ ಕ್ರಮದಲ್ಲಿ ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಹುಬ್ಬು, ರೆಪ್ಪೆಗಳ ಕೂದಲಿಗೆ ಈ ಟೋಪಿಯಿಂದ ರಕ್ಷಣೆ ಇಲ್ಲ.

ಚಿಕಿತ್ಸೆಯ ದಿನ ಔಷಧವನ್ನು ಹರಿಸುವ ಮೊದಲು ಸುಮಾರು ಅರ್ಧ ಗಂಟೆ ಟೋಪಿಯನ್ನು ಧರಿಸಬೇಕು; ಔಷಧ ಹರಿಯುವಷ್ಟು ಕಾಲವೂ ಅದು ತಲೆಯ ಮೇಲಿರಬೇಕು. ಔಷಧ ಮುಗಿದ ಕೂಡಲೇ ತೆಗೆಯುವಂತಿಲ್ಲ. ರಕ್ತದಲ್ಲಿ ಔಷಧದ ಪ್ರಮಾಣ ಇಳಿಯುವವರೆಗೂ, ಸಾಮಾನ್ಯವಾಗಿ ಒಂದೂವರೆ ಗಂಟೆಯಷ್ಟು ಕಾಲ, ಇರಿಸಿಕೊಳ್ಳಬೇಕು. ಕೆಲವು ಔಷಧಗಳಿಗೆ ಈ ಅವಧಿ ಕಡಿಮೆಯಿರುತ್ತದೆ. ಒಟ್ಟಿನಲ್ಲಿ ಆಸ್ಪತ್ರೆಯಲ್ಲಿ ಎರಡು ಗಂಟೆ ಹೆಚ್ಚಿಗೆ ಹಿಡಿಯುತ್ತದೆಂದು ತಿಳಿದು, ದೂರದ ಊರಿನವರು ಮರಳುವ ಬಸ್ಸನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಿಕೊಳ್ಳುವುದು ಲೇಸು. ಮೊದಲ ಹತ್ತು ಹದಿನೈದು ನಿಮಿಷಗಳೇ ಕಠಿಣ. ಹಣೆ ಕೊರೆಯುತ್ತದೆ, ತಲೆ ನೋಯುತ್ತದೆ, ಮೈ ನಡುಗುತ್ತದೆ. ಬಳಿಕ ಬಹಳಷ್ಟು ಮಂದಿಗೆ ಅಭ್ಯಾಸವಾಗುತ್ತದೆ. ಉಣ್ಣೆಯ ಶಾಲು, ಕಂಬಳಿ, ಬೆಚ್ಚನೆಯ ಪಾನೀಯ ಜೊತೆಗಿರಲಿ. ತಲೆನೋವಿಗೆ ಮುಂಚಿತವಾಗಿಯೇ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬಹುದು.

ಟೋಪಿಯು ನೆತ್ತಿಗೆ ಎಲ್ಲೆಡೆಯೂ ಅಂಟಿಕೊಂಡು ಕೂರುವುದರಲ್ಲಿಯೇ ಅರ್ಧ ಯಶಸ್ಸಿದೆ. ಎಲ್ಲಿ ಸಂದು ಉಳಿಯುತ್ತದೆಯೋ ಅಲ್ಲಿ ಬೋಳು ಕಲೆ ಬೀಳುತ್ತದೆ. ಸಾಮಾನ್ಯವಾಗಿ ಇದು ಕಾಣುವುದು ನಡುನೆತ್ತಿಯಲ್ಲಿ. ಜಡೆ, ತುರುಬು, ಕ್ಲಿಪ್ಪು ಯಾವುದೂ ಟೋಪಿಯ ಒಳಗಿರಬಾರದು. ಕೂದಲನ್ನು ಬಿಚ್ಚಿ, ನೀರಿನಿಂದ ತೇವಗೊಳಿಸಿ, ಹಿಂದಕ್ಕೆ ಬಾಚಿ, ದಟ್ಟ ಕೂದಲು ಒಂದೇ ಕಡೆ ಗುಪ್ಪೆಯಾಗದಂತೆ ಹರಡಬೇಕು. ಅಂದು ಎಣ್ಣೆ ಹಚ್ಚಿಕೊಂಡು ಹೋಗಬಹುದೇ ಎಂದು ಮುಂಚೆಯೇ ದಾದಿಯರನ್ನು ಕೇಳಿ ತಿಳಿಯಬೇಕು. ಮನೆಯಲ್ಲಿಯೂ ಚಿಕಿತ್ಸೆ ಮುಗಿಯುವತನಕ ವಾರಕ್ಕೆ ಒಂದೆರಡು ಬಾರಿ ಮಾತ್ರ, ಸೌಮ್ಯವಾದ ಶಾಂಪೂ ಬಳಸಿ, ಉಗುರುಬೆಚ್ಚಗಿನ ನೀರಿನಲ್ಲಿ ತಲೆಸ್ನಾನ ಮಾಡಬೇಕು. ಹಂಡೆಯ ಸುಡುನೀರು, ತಲೆಯನ್ನು ತಿಕ್ಕಿ ತಿಕ್ಕಿ ಉಜ್ಜುವುದು, ಬಿಗಿಯಾದ ಜಡೆ, ಕೂದಲಿಗೆ ಬಣ್ಣ ಇವೆಲ್ಲ ವರ್ಜ್ಯ. ಅಗಲ ಹಲ್ಲಿನ ಬಾಚಣಿಗೆಯಿಂದ ದಿನವೂ ಮೆಲ್ಲಗೆ ಬಾಚುತ್ತಿರಬೇಕು. ಉದುರಿದ ಕೂದಲನ್ನು ತೆಗೆಯದೆ ಬಿಟ್ಟರೆ ಅದೇ ಸಿಕ್ಕಾಗಿ, ಉಳಿದ ಕೂದಲನ್ನೂ ಎಳೆಯುತ್ತದೆ. ಎರಡನೆಯ ಕೀಮೋದ ಮೊದಲೇ ಒಂದಿಷ್ಟು ಉದುರಿತೆಂದು ಧೈರ್ಯಗೆಟ್ಟು ಟೋಪಿಯನ್ನು ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಉಳಿಯಬಹುದಾಗಿದ್ದುದೂ ಹೋಗುತ್ತದೆ.

ಎಲ್ಲರಿಗೂ ಈ ವಿಧಾನ ಸಲ್ಲದು. ರಕ್ತದ ಕ್ಯಾನ್ಸರ್ ಮತ್ತು ಲಿಂಫೋಮಾ ಇರುವವರಿಗೆ ಇದನ್ನು ಬಳಸುವುದಿಲ್ಲ. ಅಲ್ಲಿ ರೋಗದ ಕೋಶಗಳು ರಕ್ತದಲ್ಲಿಯೇ ಸಂಚರಿಸುವುದರಿಂದ, ಔಷಧ ಕಡಿಮೆ ಮುಟ್ಟುವ ನೆತ್ತಿಯು ಅವುಗಳಿಗೆ ಅಡಗುದಾಣವಾದೀತು. ತಣ್ಣನೆಯ ನೀರು, ಗಾಳಿ ತಾಕಿದರೆ ಮೈಮೇಲೆ ದದ್ದು ಏಳುವವರು, ತಂಪಿಗೆ ರಕ್ತ ಗಟ್ಟಿಯಾಗುವಂತಹ ವಿರಳ ತೊಂದರೆಗಳುಳ್ಳವರು, ತಲೆಗೆ ವಿಕಿರಣ ಚಿಕಿತ್ಸೆ ಪಡೆಯಬೇಕಾದವರು ಇದರಿಂದ ದೂರವಿರಬೇಕು. ಸ್ತನ ಮುಂತಾದ ಗಡ್ಡೆಯ ಕ್ಯಾನ್ಸರುಗಳಲ್ಲಿಯೂ ನೆತ್ತಿಯಲ್ಲಿ ರೋಗ ಉಳಿದೀತೇ ಎಂಬ ಶಂಕೆ ಹಿಂದೆ ಬಲವಾಗಿತ್ತು. ಕೆನಡಾದ ಕ್ವಿಬೆಕ್‌ನಲ್ಲಿ ಟೋಪಿ ಧರಿಸಿದ 553 ಮಂದಿಯನ್ನೂ ಧರಿಸದ 817 ಮಂದಿಯನ್ನೂ ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಸ್ತನ ಕ್ಯಾನ್ಸರಿನ ರೋಗಿಗಳಿಗಾಗಿ ಡಿಗ್ನಿಕ್ಯಾಪ್ ಯಂತ್ರಕ್ಕೆ ಅನುಮತಿ ಕೊಟ್ಟಿತು.

ಎಲ್ಲ ಆಸ್ಪತ್ರೆಗಳಲ್ಲಿಯೂ ಈ ಯಂತ್ರ ಇರುವುದಿಲ್ಲ. ಇದ್ದಲ್ಲಿಯೂ ಪ್ರತಿ ಕೀಮೋಗೆ ಪ್ರತ್ಯೇಕ ಖರ್ಚು ಬೀಳಬಹುದು. ಒಟ್ಟು ಎಷ್ಟು ಬಾರಿ ಬೇಕಾಗುವುದು, ಒಟ್ಟು ಎಷ್ಟು ಹಣ, ವಿಮೆಯವರು ಇದನ್ನು ಭರಿಸುವರೇ ಎಂಬುದನ್ನು ಆರಂಭದಲ್ಲಿಯೇ ವಿಚಾರಿಸಬೇಕು. ಅರ್ಧದಲ್ಲಿ ಬಿಟ್ಟರೆ ಖರ್ಚು ಮಾಡಿದ್ದು ವ್ಯರ್ಥವಾದೀತು. ಮನೆಯಲ್ಲಿಯೇ ಮಂಜುಗಡ್ಡೆ ಕಟ್ಟಿಕೊಂಡು ಪ್ರಯೋಗ ಮಾಡುವುದು ಖಂಡಿತ ಬೇಡ. ಚರ್ಮ ಮರಗಟ್ಟಿ ಹುಣ್ಣಾಗುವ ಅಪಾಯವಿದೆ. ಯಂತ್ರ ಸಿಗಲಿಲ್ಲ, ಇಲ್ಲವೇ ಹಣ ಹೊಂದಲಿಲ್ಲವೆಂದು ಕೀಮೋವನ್ನು ಒಂದು ವಾರವೂ ಮುಂದೂಡಬಾರದೆಂದು ಮನೆಯ ಹಿರಿಯರಲ್ಲಿ ನಮ್ಮ ವಿನಂತಿ. ಅಂಥವರು ಕೂದಲನ್ನು ಮೊದಲೇ ಚಿಕ್ಕದಾಗಿ ಕತ್ತರಿಸಿಕೊಂಡರೆ, ಉದುರುವ ದಿನಗಳಲ್ಲಿ ಮನಸ್ಸಿನ ಹೊರೆ ತುಸು ಕಡಿಮೆಯಾಗುತ್ತದೆ. ಮೆತ್ತನೆಯ ಹತ್ತಿಯ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡರೆ ಬಿಸಿಲಿನಿಂದಲೂ ರಕ್ಷಣೆ ದೊರೆಯುತ್ತದೆ. ಕೀಮೋ ಮುಗಿದ ಕೆಲವು ವಾರಗಳಲ್ಲಿ ನವಿರಾದ ಕೂದಲು ಮೊಳೆಯುತ್ತದೆ, ಮೂರರಿಂದ ಆರು ತಿಂಗಳೊಳಗೆ ತಲೆ ತುಂಬುತ್ತದೆ. ಮೊದಲಿಗೆ ಅದು ಗುಂಗುರಾಗಿಯೋ ಬೇರೆ ಬಣ್ಣದ್ದಾಗಿಯೋ ಕಾಣಬಹುದು. ಆರು ತಿಂಗಳಾದರೂ ಸರಿಯಾಗಿ ಬಾರದಿದ್ದಲ್ಲಿ, ಮುಂದಿನ ತಪಾಸಣೆಯ ದಿನ ಅದನ್ನು ವೈದ್ಯರಿಗೆ ತಿಳಿಸಬೇಕು.