ಬೆಳೆದ ಬೆಕ್ಕನ್ನು ಮನೆಗೆ ತರುವುದು

ಗುತ್ತಿಗಾರಿನಂಥ ಅಡಿಕೆ ತೋಟಗಳ ಊರಿನಲ್ಲಿ ಬೆಕ್ಕನ್ನು ಸಾಮಾನ್ಯವಾಗಿ ಕೊಳ್ಳುವುದಿಲ್ಲ. ಬಲ್ಲವರಲ್ಲಿ ಕೇಳಿ ತರುತ್ತಾರೆ. ತರುವುದು ಮರಿಯನ್ನೇ. ಬೆಳೆದ ಬೆಕ್ಕು ಹೊಸ ಮನೆಗೆ ಒಗ್ಗದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಈ ನಂಬಿಕೆಗೆ ಬೆಲೆ ತೆರುತ್ತಿರುವುದು ಬೆಕ್ಕುಗಳು. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿ, ಕೊನೆಗೆ ಹಿರಿಯರೂ ಅವರಲ್ಲಿಗೆ ಹೊರಟಾಗ, ಹಟ್ಟಿಯ ದನಗಳಿಗೆ ಗಿರಾಕಿ ಸಿಗುತ್ತದೆ, ನಾಯಿಯನ್ನು ನೆರೆಮನೆಯವರು ಕರೆದೊಯ್ಯುತ್ತಾರೆ. ನಾಲ್ಕೈದು ವರ್ಷದ ಬೆಕ್ಕು ಮಾತ್ರ ಬೀಗ ಬಿದ್ದ ಬಾಗಿಲೆದುರು ಉಳಿಯುತ್ತದೆ.

ಅಂಥ ಬೆಕ್ಕು ಬೇರೆ ಪ್ರಾಣಿಗಳಿಲ್ಲದ ಮನೆಗೆ, ಅದರಲ್ಲೂ ವಯಸ್ಸಾದವರ ಮನೆಗೆ, ಮರಿಗಿಂತ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಮರಿಯ ಸ್ವಭಾವ ಮುಂದೆ ಹೇಗೆ ತಿರುಗುವುದೋ ತಿಳಿಯದು. ಬೆಳೆದ ಬೆಕ್ಕಿನದು ಆಗಲೇ ತೆರೆದ ಪುಸ್ತಕ: ಅಪರಿಚಿತರನ್ನು ಕಂಡರೆ ಅಟ್ಟ ಹತ್ತುವುದೇ, ಮಡಿಲಿಗೆ ಬರುವುದೇ, ಇನ್ನೊಂದು ಬೆಕ್ಕನ್ನು ಕಂಡೊಡನೆ ಮೈನವಿರೆಬ್ಬಿಸುವುದೇ ಎಂಬುದನ್ನು ಸಾಕಿದವರಲ್ಲಿಯೇ ವಿಚಾರಿಸಬಹುದು.

ಒಂಟಿಯಾದರೆ ಪಾಪ ಕೊರಗದೇ ಎಂದು ಕೇಳುವವರಿದ್ದಾರೆ. ಮನೆಬೆಕ್ಕಿನ ಪೂರ್ವಜ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಕಾಡುಬೆಕ್ಕು. ಅದು ಒಂಟಿಯಾಗಿಯೇ ಬೇಟೆಯಾಡುವ ಜೀವಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಸಮೀಪವೇ ಬೆಕ್ಕನ್ನು ಹೂತಿದ್ದುದು 2004ರಲ್ಲಿ ಪ್ರಕಟವಾಯಿತು. ಇಷ್ಟು ದೀರ್ಘ ಸಹವಾಸದ ಬಳಿಕವೂ ತನ್ನ ಎಲ್ಲೆಯನ್ನು ಕಾಯುವ ಗುಣವನ್ನು ಅದು ಬಿಟ್ಟಿಲ್ಲ. ಮಹಾಬಲಿಪುರದ ಬಂಡೆಯಲ್ಲಿ ಇಲಿಗಳ ನಡುವೆ ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕಿದೆ. ನಮ್ಮವರಿಗೆ ಅದರ ಏಕಾಂತಪ್ರಿಯತೆಯೇ ಕಪಟವಾಗಿ ಕಂಡಿತೋ ಏನೋ! ಜೊತೆಗಿರಲೆಂದು ಒಲ್ಲದ ಬೆಕ್ಕಿನ ಮೇಲೆ ಇನ್ನೊಂದನ್ನು ಹೇರಿದರೆ ಜಗಳ, ಮೂಲೆಮೂಲೆಗೆ ಮೂತ್ರ ಸಿಡಿಸುವುದು, ಅನ್ನ ಬಿಡುವುದು ಮೊದಲಾಗುತ್ತವೆ. ಆದರೆ ಜೊತೆಯಲ್ಲೇ ಬೆಳೆದು, ಒಂದರ ಮೈಗೊಂದು ಒರಗಿ ಮಲಗುವ ಜೋಡಿಯನ್ನು ಮಾತ್ರ ಅಗಲಿಸಬಾರದು.

ಆಹಾರದ ವಿಷಯವನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ಬೆಕ್ಕಿಗೆ ಟಾರೀನ್ ಎಂಬ ಸತ್ವ ಅನಿವಾರ್ಯ. ಅದು ಮಾಂಸ ಮೀನುಗಳಲ್ಲಿದೆ, ಮೊಸರನ್ನದಲ್ಲಿ ಸಾಕಷ್ಟಿಲ್ಲ. ಕೊರತೆಯಾದರೆ ಕಣ್ಣಿನ ಅಕ್ಷಿಪಟ ಕೆಡುತ್ತದೆಂದು 1975ರಲ್ಲೂ, ಹೃದಯ ದುರ್ಬಲಗೊಳ್ಳುತ್ತದೆಂದು 1987ರಲ್ಲೂ ಸಿದ್ಧಪಟ್ಟಿತು. ಹಿಂದೆ ಅಟ್ಟದ ಇಲಿಗಳೇ ಸಸ್ಯಾಹಾರಿ ಮನೆಗಳ ಬೆಕ್ಕನ್ನು ಕಾಪಾಡಿದವು. ಈಗ ಕೊಕ್ಕೊ ತೋಟದ ಇಲಿಗಳಿಗೆ ಬ್ರೊಮಾಡಿಯೊಲೋನ್ ವಿಷವಿಡುತ್ತಾರೆ. ವಿಷ ತಿಂದ ಇಲಿ ಬೆಕ್ಕಿಗೂ ಮೃತ್ಯುವಾದೀತು. ಮೀನು ಮನೆಯೊಳಗೆ ಬಾರದೆನ್ನುವವರು ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಸಿದ್ಧ ಆಹಾರವನ್ನಾದರೂ ಕೊಡಬೇಕು. ಹಾಲು ಅನೇಕ ಬೆಳೆದ ಬೆಕ್ಕುಗಳಿಗೆ ಜೀರ್ಣವಾಗದು.

ತರುವ ಮೊದಲೇ ಪಶುವೈದ್ಯರಲ್ಲಿ ರೇಬೀಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಎರಡೂ ಆಗಿವೆಯೇ ಎಂದು ಕೇಳಿಕೊಳ್ಳಿ. ತಂದ ಮೇಲೆ ಹಂಚಿನ ಮಾಡಿನ ಸಂದಿಯಿಲ್ಲದ ಒಂದು ಕೋಣೆಯಲ್ಲಿಡಿ. ಹಳೆಯ ಮನೆಯ ವಾಸನೆಯಿರುವ ಗೋಣಿ, ಮರಳಿನ ತಟ್ಟೆ, ನೀರು, ಅಡಗಲೊಂದು ಪೆಟ್ಟಿಗೆ ಸಾಕು. ಹಿಡಿದೆತ್ತಲು ಹೋಗಬೇಡಿ. ಅದು ತಾನಾಗಿ ಬಂದು ಬಾಗಿಲ ಚೌಕಟ್ಟಿಗೆ, ನಿಮ್ಮ ಕಾಲಿಗೆ ಕೆನ್ನೆ ಉಜ್ಜತೊಡಗಿದರೆ ತನ್ನ ಗಂಧವನ್ನು ಅಲ್ಲಿ ಬರೆಯುತ್ತಿದೆ ಎಂದರ್ಥ. ಆಗ ಇತರ ಕೋಣೆಗಳನ್ನು ಒಂದೊಂದಾಗಿ ತೆರೆಯಬಹುದು. ಅಂಗಳಕ್ಕೆ ಬಿಡಲು ಮೂರು ನಾಲ್ಕು ವಾರವಾದರೂ ಕಾಯಬೇಕು. ಹಳೆಯ ಮನೆ ಹತ್ತಿರವಿದ್ದರೆ ಇನ್ನೂ ಹೆಚ್ಚು. ಮೊದಲ ದಿನ ಉಣಿಸುವ ಹೊತ್ತಿಗೆ ಸ್ವಲ್ಪ ಮುಂಚೆ, ಹಸಿದಿರುವಾಗಲೇ ಬಿಟ್ಟು, ದಿನವೂ ಕರೆಯುವ ದನಿಯಲ್ಲಿಯೇ ಕರೆದು ತಟ್ಟೆಯಿಡಿ.