ತನ್ನ ಭಾರವನ್ನು ತಾನೇ ಹೊರುವ ಹಗ್ಗ

ಬಾವಿಯಿಂದ ನೀರು ಸೇದುವವರು ಕೊಡದ ಭಾರವನ್ನು ಲೆಕ್ಕಿಸುತ್ತಾರೆಯೇ ಹೊರತು ಹಗ್ಗದ ಭಾರವನ್ನಲ್ಲ. ಹತ್ತು ಮಾರು ಆಳದ ಬಾವಿಯಲ್ಲಿ ಅದರ ಅಗತ್ಯವೂ ಇಲ್ಲ. ಆದರೆ ಬಾವಿಯ ಆಳ ಎರಡು ಕಿಲೋಮೀಟರು ಆದರೆ? ಹಗ್ಗದ ತುದಿಯಲ್ಲಿ ಕೊಡದ ಬದಲು, ಕೆಲಸ ಮುಗಿಸಿ ಮೇಲೇರುವ ಜನರನ್ನು ಹೊತ್ತ ಪಂಜರವು ತೂಗುತ್ತಿದ್ದರೆ? ಇದು ಬರಿಯ ಕಲ್ಪನೆಯಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ, 2001ರಲ್ಲಿ ಅವು ಮುಚ್ಚುವವರೆಗೆ, ನೂರಕ್ಕೂ ಹೆಚ್ಚು ವರ್ಷಗಳ ಕಾಲ ಮನುಷ್ಯರು ಹಗ್ಗವನ್ನು ನಂಬಿ ಭೂಗರ್ಭಕ್ಕೆ ಇಳಿಯುತ್ತಿದ್ದರು. ಅಲ್ಲಿಯ ಚಾಂಪಿಯನ್ ರೀಫ್ ಗಣಿಯ ಆಳವು ಮೂರು ಕಿಲೋಮೀಟರನ್ನು ಮೀರಿತ್ತು. ಅಂತಹ ಹಗ್ಗವು ಕಡಿಯದೆಂದು ಮೊದಲೇ ಹೇಳುವುದು ಹೇಗೆ?

ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ನಮಗೆ ಬರುವ ಮೊದಲ ಉತ್ತರ ಯಾವಾಗಲೂ ಒಂದೇ: ‘ಹಗ್ಗವನ್ನು ಇನ್ನೂ ದಪ್ಪ ಮಾಡಿದರಾಯಿತು.’ ಈ ಉತ್ತರವನ್ನು ಸ್ವಲ್ಪ ಪರೀಕ್ಷಿಸೋಣ.

ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತವುಳ್ಳ ಉಕ್ಕಿನ ಸರಳೊಂದನ್ನು ಒಂದು ಕಿಲೋಮೀಟರ್ ಉದ್ದಕ್ಕೆ ಇಳಿಬಿಟ್ಟಿದ್ದೇವೆಂದು ಭಾವಿಸೋಣ. ಅದರ ಗಾತ್ರ ಒಂದು ಲಕ್ಷ ಘನ ಸೆಂಟಿಮೀಟರ್. ಉಕ್ಕಿನ ಒಂದು ಘನ ಸೆಂಟಿಮೀಟರಿನ ತೂಕ 7.85 ಗ್ರಾಂ. ಆದುದರಿಂದ ಸರಳಿನ ತೂಕ 785 ಕಿಲೋಗ್ರಾಂ. ಇಷ್ಟನ್ನೂ ಅದರ ನೆತ್ತಿಯ ಒಂದು ಚದರ ಸೆಂಟಿಮೀಟರೇ ಹೊರಬೇಕು. ಸರಳನ್ನು ಎರಡರಷ್ಟು ದಪ್ಪ ಮಾಡಿದೆವೆನ್ನಿ. ಹೊರುವ ಕ್ಷೇತ್ರ ಇಮ್ಮಡಿಯಾಯಿತು, ಹೊರಬೇಕಾದ ಭಾರವೂ ಇಮ್ಮಡಿಯಾಯಿತು. ಪ್ರತಿ ಚದರ ಸೆಂಟಿಮೀಟರಿನ ಪಾಲು ಮತ್ತೆ 785 ಕಿಲೋಗ್ರಾಮೇ! ಹೀಗೆ ಏಕಮಾನ ಕ್ಷೇತ್ರದ ಪಾಲಿಗೆ ಬರುವ ಬಲವನ್ನೇ ಎಂಜಿನಿಯರರು ಸ್ಟ್ರೆಸ್ ಎನ್ನುತ್ತಾರೆ. ನಾವು ಪೀಡನ ಎನ್ನೋಣ. ವಸ್ತುವು ಮುರಿಯುವುದು ಒಟ್ಟು ಭಾರಕ್ಕಲ್ಲ, ಪೀಡನಕ್ಕೆ. ತನ್ನ ಭಾರಕ್ಕೆ ತಾನೇ ಕಡಿಯುವ ಹಗ್ಗಕ್ಕೆ ದಪ್ಪದಿಂದ ಯಾವ ಸಹಾಯವೂ ಇಲ್ಲ.

ಈ ಸಂಗತಿಯನ್ನು ಮೊದಲು ಸ್ಪಷ್ಟವಾಗಿ ಬರೆದವನು ಗೆಲಿಲಿಯೋ. ಗೃಹಬಂಧನದಲ್ಲಿದ್ದ ಆ ವೃದ್ಧನ ಕೊನೆಯ ಗ್ರಂಥ ‘ಎರಡು ಹೊಸ ವಿಜ್ಞಾನಗಳು’ 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾಯಿತು. ಒಂದು ಮೊಳ ತಾಮ್ರದ ತಂತಿಯು ತನ್ನ ತೂಕದ 4800ರಷ್ಟು ಭಾರವನ್ನು ಹೊತ್ತು ಕಡಿಯುವುದಾದರೆ, ಸಣ್ಣದಿರಲಿ ದಪ್ಪದಿರಲಿ, ಯಾವ ತಾಮ್ರದ ತಂತಿಯೂ 4801 ಮೊಳಕ್ಕಿಂತ ಉದ್ದವಾಗಿ ತೂಗಲಾರದೆಂದು ಅವನು ಅಲ್ಲಿ ಲೆಕ್ಕ ಹಾಕಿ ತೋರಿಸಿದ್ದಾನೆ. ಇದೇ ಲೆಕ್ಕವನ್ನು ಉಕ್ಕಿಗೆ ಅನ್ವಯಿಸಿದರೆ, ಚದರ ಸೆಂಟಿಮೀಟರಿಗೆ 4,000 ಕಿಲೋಗ್ರಾಮಿಗೆ ಮುರಿಯುವ ಸಾಧಾರಣ ಮೆದು ಉಕ್ಕು ಸುಮಾರು ಐದು ಕಿಲೋಮೀಟರಿಗೆ ಕಡಿಯುತ್ತದೆ. ಹಗ್ಗಕ್ಕೆಂದೇ ಎಳೆದು ಗಟ್ಟಿಮಾಡಿದ ತಂತಿ 16,000 ಕಿಲೋಗ್ರಾಮಿನವರೆಗೆ ತಾಳುತ್ತದೆ. ಅದು ಇಪ್ಪತ್ತು ಕಿಲೋಮೀಟರು ತೂಗೀತು. ಆದರೆ ಆಗ ಅದರ ತುದಿಗೆ ಒಂದು ಕೊಡವನ್ನೂ ಕಟ್ಟುವಂತಿಲ್ಲ!

ಇನ್ನು ನಮ್ಮ ಎರಡು ಕಿಲೋಮೀಟರಿನ ಬಾವಿಗೆ ಬರೋಣ. ಹಗ್ಗದ ಉಕ್ಕಿನ ಒಟ್ಟು ಕೊಯ್ತ 10 ಚದರ ಸೆಂಟಿಮೀಟರ್, ಪಂಜರ ಮತ್ತು ಅದರ ಹೊರೆ ಸೇರಿ 10 ಟನ್ ಎಂದಿಟ್ಟುಕೊಳ್ಳೋಣ. ಹಗ್ಗದ ತೂಕವೇ 15.7 ಟನ್ನಾಯಿತು. ಹೊರೆಗಿಂತ ಹಗ್ಗವೇ ಭಾರ! ನೆತ್ತಿಯಲ್ಲಿ ಬೀಳುವ ಒಟ್ಟು ಭಾರ 25.7 ಟನ್, ಪೀಡನ ಚದರ ಸೆಂಟಿಮೀಟರಿಗೆ 2,570 ಕಿಲೋಗ್ರಾಂ.

ಎಳೆದರೆ ಹಗ್ಗ ಉದ್ದವಾಗಲೇಬೇಕು. ಹೆಚ್ಚಿದ ಉದ್ದವನ್ನು ಮೂಲ ಉದ್ದದಿಂದ ಭಾಗಿಸಿದರೆ ಬರುವುದು ವಿಕೃತಿ, ಎಂದರೆ ಸ್ಟ್ರೇನ್. ಮಿತಿಯೊಳಗೆ ವಿಕೃತಿಯು ಪೀಡನದ ಪ್ರಮಾಣದಲ್ಲಿಯೇ ಇರುತ್ತದೆ. ಈ ನಿಯಮವನ್ನು ಕಂಡ ರಾಬರ್ಟ್ ಹುಕ್, 1676ರಲ್ಲಿ ಅದನ್ನು ಅಕ್ಷರಗಳ ಒಗಟಾಗಿ ಬಚ್ಚಿಟ್ಟು, 1678ರಲ್ಲಷ್ಟೇ ಬಿಡಿಸಿ ಹೇಳಿದ. ಬೇರೆಯವರು ಕದ್ದಾರೆಂಬ ಭಯವಿದ್ದಿರಬೇಕು. ಉಕ್ಕಿನಲ್ಲಿ ಪೀಡನಕ್ಕೂ ವಿಕೃತಿಗೂ ಇರುವ ನಿಷ್ಪತ್ತಿ, ಎಂದರೆ ಯಂಗ್ ಗುಣಾಂಕ, ಚದರ ಸೆಂಟಿಮೀಟರಿಗೆ ಸುಮಾರು 21 ಲಕ್ಷ ಕಿಲೋಗ್ರಾಂ. ತಳದಲ್ಲಿ ನಿಂತ ಪಂಜರಕ್ಕೆ 5 ಟನ್ ಅದಿರು ಸುರಿದರೆ ಪೀಡನವು 500ರಷ್ಟು ಏರುತ್ತದೆ; 500ನ್ನು 21 ಲಕ್ಷದಿಂದ ಭಾಗಿಸಿ 2,000 ಮೀಟರಿನಿಂದ ಗುಣಿಸಿದರೆ 48 ಸೆಂಟಿಮೀಟರ್. ಅಂದರೆ ಹೊರೆ ಬಿದ್ದೊಡನೆ ಪಂಜರವು ಅರ್ಧ ಮೀಟರಿನಷ್ಟು ಕುಸಿಯುತ್ತದೆ. ನಿಜವಾದ ಹಗ್ಗದಲ್ಲಿ ಹೊಸೆದ ತಂತಿಗಳು ಬಿಗಿಯಾಗುವುದರಿಂದ ಕುಸಿತ ಇನ್ನೂ ಹೆಚ್ಚು.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಹಗ್ಗವು ರಾಟೆಯ ಮೇಲೆ ಬಾಗಬೇಕಲ್ಲ! ಬಾಗಿದ ತಂತಿಯ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಈ ವಿಕೃತಿ ತಂತಿಯ ವ್ಯಾಸವನ್ನು ರಾಟೆಯ ವ್ಯಾಸದಿಂದ ಭಾಗಿಸಿದಷ್ಟು. 4 ಮೀಟರ್ ವ್ಯಾಸದ ರಾಟೆಯ ಮೇಲೆ 2.5 ಮಿಲಿಮೀಟರ್ ತಂತಿಯ ಪೀಡನ ಬಾಗಿದುದರಿಂದಲೇ 1,300 ಕಿಲೋಗ್ರಾಂ ಏರುತ್ತದೆ. ಹಗ್ಗದ ಬದಲು ಅಷ್ಟೇ ಉಕ್ಕಿನ ಒಂದೇ ಸರಳಿದ್ದಿದ್ದರೆ ಅದರ ವ್ಯಾಸ 3.6 ಸೆಂಟಿಮೀಟರ್, ಇದೇ ಲೆಕ್ಕದಂತೆ ಪೀಡನ 18,000ವನ್ನು ಮೀರುತ್ತದೆ. ತಂತಿ ತಾಳುವುದು 16,000. ಆ ಸರಳು ಒಂದು ಸುತ್ತಿಗೇ ಕೆಡುತ್ತದೆ. ಹಗ್ಗವನ್ನು ಅನೇಕ ಸಣ್ಣ ತಂತಿಗಳಿಂದ ಹೊಸೆಯುವುದರ ಗುಟ್ಟು ಇದು.

ಈ ಗುಟ್ಟು ಗಣಿಯಲ್ಲಿಯೇ ಹುಟ್ಟಿತು. ಜರ್ಮನಿಯ ಹಾರ್ಜ್ ಪರ್ವತದ ಕ್ಲೌಸ್ತಾಲಿನಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿಯಿದ್ದ. ಅಲ್ಲಿ ಬಳಸುತ್ತಿದ್ದ ಕಬ್ಬಿಣದ ಸರಪಳಿಗಳು ಎಷ್ಟೋ ದಿನ ಸರಿಯಾಗಿ ಕೆಲಸ ಮಾಡಿ, ಯಾವ ಮುನ್ಸೂಚನೆಯೂ ಇಲ್ಲದೆ ಕಡಿಯುತ್ತಿದ್ದುವು. ಒಮ್ಮೆ ತಾಳಿದ ಭಾರವನ್ನೇ ಸಾವಿರಾರು ಬಾರಿ ಹೊತ್ತರೆ ಲೋಹವು ಸೋಲುತ್ತದೆಂಬುದನ್ನು ಅವನು 1829ರ ಸುಮಾರಿಗೆ ಪ್ರಯೋಗಮಾಡಿ ಪರೀಕ್ಷಿಸಿದ. 1834ರಲ್ಲಿ ಮೂರು ಹುರಿಗಳ, ಹುರಿಯೊಂದಕ್ಕೆ ನಾಲ್ಕು ತಂತಿಗಳ ಹಗ್ಗವನ್ನು ಹೊಸೆಯಿಸಿದ. ಸರಪಳಿಯ ಒಂದು ಕೊಂಡಿ ಹೋದರೆ ಎಲ್ಲವೂ ಹೋಯಿತು. ಹಗ್ಗದ ಒಂದು ತಂತಿ ಕಡಿದರೆ ಉಳಿದ ಹನ್ನೊಂದು ಭಾರವನ್ನು ಹಿಡಿದಿರುತ್ತವೆ, ಕಡಿದ ತುದಿ ಹೊರಕ್ಕೆ ಚಾಚಿ ಕಣ್ಣಿಗೂ ಬೀಳುತ್ತದೆ. ಪ್ರಾಣ ಉಳಿಸುವ ಗುಣವೆಂದರೆ ಇದೇ ಎಂದು ನಮ್ಮ ಅಭಿಪ್ರಾಯ.

ಇನ್ನೊಂದು ಅಪಾಯವಿದೆ. ಭಾರವನ್ನು ಮೆಲ್ಲನೆ ಹೊರಿಸದೆ ಒಮ್ಮೆಲೇ ಬಿಟ್ಟರೆ ಪೀಡನ ಇಮ್ಮಡಿಯಾಗುತ್ತದೆ. ಭಾರವು ಹಗ್ಗವನ್ನು ಹಿಗ್ಗಿಸುತ್ತ ಇಳಿಯುವಾಗ ಮಾಡುವ ಕೆಲಸ, ಭಾರ ಮತ್ತು ಹಿಗ್ಗಿನ ಗುಣಲಬ್ಧ. ಹಗ್ಗದಲ್ಲಿ ಕೂಡಿಟ್ಟ ಶಕ್ತಿ ಕೊನೆಯ ಎಳೆತ ಮತ್ತು ಹಿಗ್ಗಿನ ಗುಣಲಬ್ಧದ ಅರ್ಧ ಮಾತ್ರ. ಎರಡೂ ಸಮವಾಗಬೇಕಾದರೆ ಎಳೆತವು ಭಾರದ ಎರಡರಷ್ಟಾಗಲೇಬೇಕು. ಹಗ್ಗ ಸಡಿಲಗೊಂಡು ಪಂಜರ ಸ್ವಲ್ಪ ಬಿದ್ದು ಜಗ್ಗಿದರೆ ಇನ್ನೂ ಹೆಚ್ಚು. ವಿಚಿತ್ರವೆಂದರೆ, ಪಂಜರ ತಳದಲ್ಲಿರುವಾಗಿನ ಜಗ್ಗಿಗಿಂತ ಮೇಲಿರುವಾಗಿನ ಜಗ್ಗೇ ಕ್ರೂರ: ಗಿಡ್ಡ ಹಗ್ಗಕ್ಕೆ ಹಿಗ್ಗಿ ಸೈರಿಸುವ ಶಕ್ತಿ ಕಡಿಮೆ.

ನಮ್ಮ ಹಗ್ಗವು 160 ಟನ್ನಿಗೆ ಕಡಿಯುತ್ತದೆ, ಹೊರುವುದು 25.7 ಟನ್, ಆರರಷ್ಟು ಬಲವಿದೆ. ಇದನ್ನು ದುಂದು ಎನ್ನುವವರಿದ್ದಾರೆ. ಆದರೆ ಬಾಗುವಿಕೆ, ಜಗ್ಗು, ತುಕ್ಕು, ಸವೆತಗಳು ತಮ್ಮ ಪಾಲನ್ನು ತೆಗೆದುಕೊಳ್ಳುವುದು ಈ ಆರರಿಂದಲೇ. ಪಂಜರಕ್ಕೆ ಬಿಗಿದಿರುವ ತುದಿಯಲ್ಲಿ ಭಾರ ಅತಿ ಕಡಿಮೆಯಾದರೂ ಗಣಿಯ ನೀರೂ ಜಗ್ಗೂ ಅಲ್ಲಿ ಹೆಚ್ಚು. ಆದುದರಿಂದ ಆ ತುದಿಯನ್ನು ಆಗಾಗ ಕತ್ತರಿಸಿ, ತುಂಡನ್ನು ಯಂತ್ರದಲ್ಲಿ ಕಡಿಯುವವರೆಗೂ ಎಳೆದು ನೋಡುತ್ತಾರೆ.

ಇದೇ ಹಗ್ಗವನ್ನು ಮೂರು ಕಿಲೋಮೀಟರಿಗೆ ಇಳಿಸಿದರೆ ನೆತ್ತಿಯ ಭಾರ 33.5 ಟನ್ನಾಗಿ, ಆರು ಐದಕ್ಕಿಂತ ಕೆಳಗಿಳಿಯುತ್ತದೆ. ಕೋಲಾರದಲ್ಲಿ ಅಷ್ಟು ಆಳಕ್ಕೆ ಒಂದೇ ಹಗ್ಗದಲ್ಲಿ ಇಳಿಯುತ್ತಿರಲಿಲ್ಲ. ಒಂದು ಬಾವಿಯ ತಳದಲ್ಲಿ ಪಂಜರದಿಂದ ಇಳಿದು, ಸುರಂಗದಲ್ಲಿ ನಡೆದು, ನೆಲದೊಳಗೇ ಬಾಯಿ ತೆರೆದ ಮತ್ತೊಂದು ಬಾವಿಯಲ್ಲಿ ಬೇರೊಂದು ಹಗ್ಗದ ಪಂಜರವನ್ನು ಏರಬೇಕಾಗಿತ್ತು.