ಕೃಷ್ಣೆಯ ಮೀನು ಕಾವೇರಿಗೆ ಹೋದಾಗ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯಲ್ಲಿ ಬಲೆ ಬೀಸುವುದೂ ಗಾಳ ಹಾಕುವುದೂ ಹೊಟ್ಟೆಪಾಡಿನ ಕೆಲಸ. ಅದನ್ನೇ ಹವ್ಯಾಸವಾಗಿ ಮಾಡಿಕೊಂಡು, ಹಿಡಿದ ಮೀನನ್ನು ತೂಗಿ, ಲೆಕ್ಕ ಬರೆದು, ಮರಳಿ ನೀರಿಗೆ ಬಿಡುವ ಪದ್ಧತಿ ಕರ್ನಾಟಕದಲ್ಲಿ ಬೆಳೆದದ್ದು ಕಾವೇರಿಯ ದಂಡೆಯಲ್ಲಿ. ಈ ಎರಡು ನದಿಗಳು ಎಲ್ಲಿಯೂ ಕೂಡುವುದಿಲ್ಲವಾದರೂ, ಒಂದರ ಜಲಾನಯನಕ್ಕೆ ಸೇರಿದ ಮೀನು ಇನ್ನೊಂದಕ್ಕೆ ಹೋಗಿ ಅಲ್ಲಿನ ಮೂಲನಿವಾಸಿ ಮೀನನ್ನು ಅಳಿವಿನಂಚಿಗೆ ತಳ್ಳಿದ ಸಂಗತಿ ಬೆಳಕಿಗೆ ಬಂದದ್ದು ಗಾಳದ ಹವ್ಯಾಸಿಗಳು ಇಟ್ಟ ಲೆಕ್ಕದ ಪುಸ್ತಕಗಳಿಂದಲೇ.

ಗಾಳದ ಹವ್ಯಾಸವೆಂದೊಡನೆ ಲೋಕಕ್ಕೆ ನೆನಪಾಗುವುದು ಚಳಿನಾಡುಗಳ ಟ್ರೌಟ್ ಮೀನು. ಹಕ್ಕಿಯ ಗರಿ ಮತ್ತು ನೂಲನ್ನು ಪುಟ್ಟ ಗಾಳಕ್ಕೆ ಸುತ್ತಿ ನೊಣದಂತೆ ಕಾಣುವ ಹುಸಿ ಎರೆಯನ್ನು ಕಟ್ಟಿ, ಅದಕ್ಕೆ ಎಸೆಯುವಷ್ಟು ತೂಕವಿಲ್ಲದ ಕಾರಣ ದಪ್ಪನೆಯ ದಾರದ ಭಾರದಿಂದಲೇ ಅದನ್ನು ದೂರಕ್ಕೆ ಬೀಸುವ ಈ ವಿದ್ಯೆಗೆ ಫ್ಲೈ ಫಿಶಿಂಗ್ ಎಂದು ಹೆಸರು. ಚಳಿಗಾಲದಲ್ಲಿ ಟ್ರೌಟ್ ಮಂದವಾಗಿ ಆಳದ ಮಡುಗಳಿಗೆ ಇಳಿಯುವುದರಿಂದ ಆಗ ಎರೆಯೂ ನೀರಿನ ತಳದ ಬಳಿ ಸಾಗಬೇಕಾಗುತ್ತದೆ. ಹಿಮಾಚಲ ಪ್ರದೇಶದಲ್ಲಂತೂ ಅದು ಮೊಟ್ಟೆಯಿಡುವ ಕಾಲವೆಂದು ನವೆಂಬರಿನಿಂದ ಫೆಬ್ರವರಿಯವರೆಗೆ ಗಾಳಕ್ಕೆ ನಿಷೇಧವಿದೆ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಂಕಟಪಡುವ ಈ ಮೀನನ್ನು ನೀಲಗಿರಿಗೆ ತರುವ ಮೊದಲ ಯತ್ನ 1863ರಲ್ಲಿ ನಡೆದು ವಿಫಲವಾಯಿತು, 20ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಎತ್ತರದ ಹೊಳೆಗಳಲ್ಲಿ ಅದು ನೆಲೆಯೂರಿತು. ಬಳ್ಳಾರಿ ಸೀಮೆಯ ಬಿಸಿಲನ್ನು ಕಂಡ ತುಂಗಭದ್ರೆಯಲ್ಲಿ ಅದು ಬದುಕುವ ಮಾತೇ ಇಲ್ಲ.

ಕನ್ನಡನಾಡಿನ ನದಿಗಳಲ್ಲಿ ಗಾಳದವರ ಮೀನೆಂದರೆ ಮಹಶೀರ್. ಗೆಂಡೆ ಮೀನಿನ ಬಳಗಕ್ಕೆ ಸೇರಿದ ಇದಕ್ಕೆ ದೊಡ್ಡ ಹುರುಪೆಗಳೂ ದಪ್ಪ ತುಟಿಗಳೂ ಇವೆ. ಬಾಯಲ್ಲಿ ಹಲ್ಲಿಲ್ಲದಿದ್ದರೂ ಗಂಟಲಿನಲ್ಲಿರುವ ಹಲ್ಲುಗಳಿಂದ ಏಡಿ, ಬಸವನಹುಳುಗಳನ್ನು ಪುಡಿಮಾಡಿ ತಿನ್ನುತ್ತದೆ. ಮಳೆಗಾಲದ ಪ್ರವಾಹಕ್ಕೆ ಎದುರಾಗಿ ಈಜಿ, ಕಲ್ಲುಜಲ್ಲಿಯ ತಳದಲ್ಲಿ ಮೊಟ್ಟೆಯಿಡುವ ಈ ಮೀನಿಗೆ ಗಾಳ ಹಾಕುವ ಹಂಗಾಮು ಕೆನ್ನೀರು ಇಳಿದು ಹೊಳೆ ತಿಳಿಯಾದ ಮೇಲೆ, ಚಳಿಗಾಲದಲ್ಲಿ ಆರಂಭವಾಗುತ್ತಿತ್ತು. ಕಾವೇರಿ ದಂಡೆಯ ಭೀಮೇಶ್ವರಿ, ಗಾಲಿಬೋರೆಗಳ ಕಡೆ ಎರೆಯಾಗಿ ಬಳಸುತ್ತಿದ್ದದ್ದು ಗರಿಯ ನೊಣಕ್ಕಿಂತ ಹೆಚ್ಚಾಗಿ ರಾಗಿಯನ್ನು: ಹಿಟ್ಟನ್ನು ಬೇಯಿಸಿ, ನೀರಿಗೆ ಕರಗದಷ್ಟು ಗಟ್ಟಿಯಾಗಿ ನಾದಿ, ಉಂಡೆಕಟ್ಟಿ ಗಾಳಕ್ಕೆ ಮೆತ್ತಿ, ಹರಿಗೋಲಿನಲ್ಲಿ ಕುಳಿತೋ ಬಂಡೆಯ ಮೇಲೆ ನಿಂತೋ ಸೆಳವಿಗೆ ಎಸೆಯುತ್ತಿದ್ದರು. 1946ರಲ್ಲಿ ಕಬಿನಿಯಲ್ಲಿ, ಪ್ರಾಣಿಗಳ ಚರ್ಮವನ್ನು ಹದಮಾಡಿ ಪ್ರತಿರೂಪ ನಿಲ್ಲಿಸುವ ಕಲೆಗೆ ಹೆಸರಾದ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರಿಗೆ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಸಿಕ್ಕಿತ್ತು.

ಇಂಥ ಗಾತ್ರಕ್ಕೆ ಬೆಳೆಯುತ್ತಿದ್ದದ್ದು ಬೆನ್ನು ಗೂನಾದ, ಕಿತ್ತಳೆ ಬಣ್ಣದ ರೆಕ್ಕೆಗಳ, ಕಾವೇರಿ ಜಲಾನಯನದಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್. ಸಿಡಿಮದ್ದು ಹಾಕಿ ಮೀನು ಕೊಲ್ಲುವ ಪಿಡುಗನ್ನು ತಡೆಯಲು 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಕೆಲವು ಭಾಗಗಳ ಕಾವಲಿಗೆ ನಿಂತಿತು. ಮೀನು ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದಲೇ, ಲೋನಾವಳಾದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಈ ನೀಲಿರೆಕ್ಕೆಯದು ಕೃಷ್ಣಾ ಜಲಾನಯನದ ಮೀನು. ವಿಜ್ಞಾನಿಗಳಿಗಾಗಿ ಅದನ್ನು ಮೊದಲು ವಿವರಿಸಿದ ಸೈಕ್ಸ್‌ಗೆ ಅದು 1839ಕ್ಕೆ ಮುಂಚೆ ಸಿಕ್ಕಿದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯಲ್ಲಿ. ಅದೇ ಜಲಾನಯನಕ್ಕೆ ಸೇರಿದ ತುಂಗಭದ್ರೆಗೆ ಅದು ಮನೆಯ ಮೀನಾದರೆ ಕಾವೇರಿಗೆ ಹೊರಗಿನದು. ಮಹಶೀರ್ ಎಲ್ಲ ಒಂದೇ ಎಂದು ಬಗೆದು, ಒಂದೊಂದು ಹೊಳೆಗೂ ತನ್ನದೇ ತಳಿಯಿದೆ ಎಂಬುದನ್ನು ಗಮನಿಸದೆ ಮಾಡಿದ ಈ ಉಪಕಾರ ದೊಡ್ಡ ಅಪಕಾರವಾಯಿತೆಂದು ಹೇಳಲೇಬೇಕು.

ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಲ್ಲಿ 23,620 ಗಂಟೆಗಳ ಗಾಳಕ್ಕೆ ಸಿಕ್ಕ 6,161 ಮೀನುಗಳ ದಾಖಲೆಯಿದೆ. ಬ್ರಿಟಿಷ್ ಮತ್ತು ಭಾರತೀಯ ಸಂಶೋಧಕರು ಅದನ್ನು 2015ರಲ್ಲಿ ವಿಶ್ಲೇಷಿಸಿದಾಗ, ಒಟ್ಟು ಮೀನು ಹೆಚ್ಚಿದ್ದರೂ ಆ ಹೆಚ್ಚಳವೆಲ್ಲ ನೀಲಿರೆಕ್ಕೆಯದೆಂದೂ, ಗೂನುಬೆನ್ನಿನದು ವರ್ಷ ವರ್ಷಕ್ಕೆ ವಿರಳವಾಗುತ್ತ ಸಣ್ಣ ಮರಿಗಳೇ ಕಾಣದಾದವೆಂದೂ ತಿಳಿಯಿತು. ಒಟ್ಟು ಎಣಿಕೆಯೊಂದನ್ನೇ ನೋಡಿದವರಿಗೆ ನದಿ ಸುಭಿಕ್ಷವಾಗಿಯೇ ಕಾಣುತ್ತಿತ್ತು. ಆ ಶಿಬಿರವಿದ್ದ ವನ್ಯಧಾಮದೊಳಗೆ ಗಾಳ ಹಾಕುವುದು ನಿಂತ ಮೇಲೆ ಅಲ್ಲಿ ಇಂಥ ಲೆಕ್ಕವೂ ನಿಂತಿತು.

ಜಗತ್ತಿನ ಗಾಳದವರೆಲ್ಲ ಹೆಸರು ಬಲ್ಲ ಈ ಗೂನುಬೆನ್ನಿನ ಮೀನಿನ ವೈಜ್ಞಾನಿಕ ಹೆಸರು ಟಾರ್ ರೇಮಾದೇವಿಯೈ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಸಾಲಿಗೆ ಸೇರಿತು. ಹೆಸರು ನಿರ್ಧರಿಸಲು ಬೇಕಾದ ಮೀನುಗಳು ಸಿಕ್ಕಿದ್ದು ಕಾವೇರಿಯ ಮುಖ್ಯ ಪಾತ್ರದಲ್ಲಲ್ಲ, ಬಂಡೀಪುರದ ಆಚೆಯ ಗಡಿಯಲ್ಲಿ ಕೊರಕಲುಗಳ ನಡುವೆ ಹರಿದು ಭವಾನಿಯನ್ನು ಸೇರುವ ಮೋಯಾರ್ ಹೊಳೆಯಲ್ಲಿ.